ಕೋಟೆಯ ಗೋಡೆ ಮತ್ತು ಗುಪ್ತ ದಾರಿ

ಚಿತ್ರದುರ್ಗದ ಏಳು ಸುತ್ತಿನ ಕೋಟೆಗೂ ಒಂದು ಕಿಂಡಿಯಿತ್ತೆಂದೂ, ಹೈದರಾಲಿಯ ಸೈನಿಕರು ಅದರಲ್ಲಿ ನುಸುಳುವಾಗ ಓಬವ್ವ ಒನಕೆ ಹಿಡಿದು ನಿಂತಳೆಂದೂ ನಾವೆಲ್ಲ ಕೇಳಿ ಬೆಳೆದವರು. ಗಣಕಜಾಲದ ರಕ್ಷಣೆಗೂ ಈ ಕಥೆಯೇ ಪಾಠವೆಂದು ನನಗೆ ಅರಿವಾದುದು ಕಳೆದ ವರ್ಷ.

ಸಂಜೆಯ ಹೊತ್ತು ನಾನು ಲೆಕ್ಕ ಬರೆಯುವ ಗೊಬ್ಬರದ ಅಂಗಡಿಯ ಯಜಮಾನರು, ತಮ್ಮ ಹಳ್ಳಿಯ ಮನೆಯಿಂದಲೇ ಖಾತೆ ನೋಡುವಂತಾಗಬೇಕೆಂದರು. ವಿಂಡೋಸ್ ಗಣಕವನ್ನು ದೂರದಿಂದ ನಡೆಸಲು 3389 ಎಂಬ ಪೋರ್ಟ್ ಇದೆ. ನಾನು ಅದನ್ನು ರೌಟರಿನಲ್ಲಿ ನೇರವಾಗಿ ತೆರೆದಿಟ್ಟೆ. ಕೆಲಸವಾಯಿತು, ನನಗೆ ಹೆಮ್ಮೆಯೂ ಆಯಿತು. ಮೂರನೆಯ ದಿನ ದಾಖಲೆ ತೆರೆದರೆ, ಗುರುತಿಲ್ಲದ ವಿಳಾಸಗಳಿಂದ ಪಾಸ್‌ವರ್ಡ್ ಊಹಿಸುವ ನೂರಾರು ಪ್ರಯತ್ನಗಳು! ಆ ಖಾತೆಯಲ್ಲಿದ್ದುದು ರೈತರ ಸಾಲದ ಲೆಕ್ಕ. ನಮ್ಮ ತಂದೆಯವರ ಹೆಸರೂ ಅದರಲ್ಲಿತ್ತು. ಕೂಡಲೇ ಪೋರ್ಟನ್ನು ಮುಚ್ಚಿ, ನಮ್ಮ ಅಧ್ಯಾಪಕರೊಬ್ಬರಲ್ಲಿ ಸಲಹೆ ಕೇಳಿದೆ.

ಅವರು ವಿವರಿಸಿದುದು ಹೀಗೆ: ಫೈರ್‌ವಾಲ್ ಎಂಬುದು ಕಾವಲುಗಾರ. ಬರುವ ಪ್ರತಿಯೊಂದು ಪ್ಯಾಕೆಟ್ಟಿನ ವಿಳಾಸವನ್ನೂ ಪೋರ್ಟನ್ನೂ ನೋಡಿ ಬಿಡುತ್ತದೆ, ಇಲ್ಲವೆ ತಡೆಯುತ್ತದೆ. ವಿ.ಪಿ.ಎನ್. ಎಂಬುದು ಸಾರ್ವಜನಿಕ ಅಂತರಜಾಲದೊಳಗೆ ಗೂಢಲಿಪಿಯಿಂದ ನಿರ್ಮಿಸಿದ ಸುರಂಗ. ಒಂದಿದ್ದರೆ ಇನ್ನೊಂದು ಬೇಡವೆಂಬುದು ತಪ್ಪು ತಿಳಿವಳಿಕೆ.

ನಾವು ಆರಿಸಿಕೊಂಡುದು ಜೇಸನ್ ಡೊನೆನ್‌ಫೆಲ್ಡ್ ರಚಿಸಿದ ವೈರ್‌ಗಾರ್ಡನ್ನು. 2020ರಲ್ಲಿ ಅದು ಲಿನಕ್ಸ್ 5.6ರ ತಿರುಳಿನಲ್ಲಿಯೇ ಸೇರಿತು. ಇಲ್ಲಿ ಪ್ರತಿ ಗಣಕಕ್ಕೂ ಎರಡು ಬೀಗದ ಕೈಗಳು: ಗುಪ್ತವಾದುದು ತನ್ನಲ್ಲಿಯೇ ಉಳಿಯುತ್ತದೆ, ಬಹಿರಂಗವಾದುದನ್ನು ಎದುರಿನವರಿಗೆ ಕೊಡಬೇಕು. ಪರಿಚಯವಿಲ್ಲದವರು ತಟ್ಟಿದರೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ.

ಮೂಲೆಯಲ್ಲಿದ್ದ ಹಳೆಯ ಗಣಕವೊಂದಕ್ಕೆ ಲಿನಕ್ಸ್ ಹಾಕಿ, ಫೈರ್‌ವಾಲನ್ನೂ ಸುರಂಗದ ತುದಿಯನ್ನೂ ಅದರಲ್ಲಿಯೇ ಇಟ್ಟೆವು. ಇದಕ್ಕೆ ಕಾರಣವುಂಟು. ಸುರಂಗದ ತುದಿ ಫೈರ್‌ವಾಲಿನ ಹಿಂದೆ ಬೇರೊಂದು ಗಣಕದಲ್ಲಿದ್ದರೆ, ಕಾವಲುಗಾರನಿಗೆ ಮುಚ್ಚಿದ ಲಕೋಟೆ ಮಾತ್ರ ಕಾಣುತ್ತದೆ, ಒಳಗಿನ ಕಾಗದ ಕಾಣುವುದಿಲ್ಲ. ಎರಡೂ ಒಂದೇ ಕಡೆ ಇದ್ದರೆ ಲಕೋಟೆ ಒಡೆದ ಮೇಲೆ ಇನ್ನೊಮ್ಮೆ ತಪಾಸಣೆ ಮಾಡಬಹುದು.

ನಿಯಮಗಳು ಮೂರೇ. ಹೊರಗಿನಿಂದ ತಾವಾಗಿ ಬರುವುದನ್ನೆಲ್ಲ ತಡೆ. ಯು.ಡಿ.ಪಿ. 51820 ಒಂದನ್ನು ಮಾತ್ರ ಬಿಡು. ಸುರಂಗದಿಂದ ಹೊರಬಂದುದು ಖಾತೆಯ ಗಣಕದ 3389ಕ್ಕೆ ಮಾತ್ರ ಹೋಗಲಿ, ಉಳಿದೆಡೆಗೆ ಬೇಡ.

ಮೂರನೆಯದನ್ನು ನಾನು ಮೊದಲು ಬಿಟ್ಟುಬಿಟ್ಟಿದ್ದೆ. ‘ಸುರಂಗದಲ್ಲಿ ಬರುವವರು ನಮ್ಮವರೇ ಅಲ್ಲವೇ?’ ಎಂದೆ. ‘ಬರುವುದು ಯಜಮಾನರಲ್ಲಪ್ಪ, ಅವರ ಲ್ಯಾಪ್‌ಟಾಪ್. ಮನೆಯಲ್ಲಿ ಅದರ ಮೇಲೆ ಮಕ್ಕಳು ಏನೇನು ಹಾಕಿಕೊಂಡಿದ್ದಾರೋ!’ ಎಂದರು ಅಧ್ಯಾಪಕರು. ನನಗೆ ಉತ್ತರ ಹೊಳೆಯಲಿಲ್ಲ.

ಕೊನೆಗೆ ಮೊಬೈಲ್ ಡೇಟಾದ ಮೂಲಕ ಹೊರಗಿನಿಂದ ಪರೀಕ್ಷಿಸಿದೆವು. ನೇರವಾಗಿ ತಟ್ಟಿದರೆ 3389 ತೆರೆಯಲಿಲ್ಲ. ಸುರಂಗದಿಂದ ಬಂದರೆ ಖಾತೆ ತೆರೆಯಿತು; ಅಂಗಡಿಯ ಬೇರಾವ ಗಣಕವೂ ಸಿಗಲಿಲ್ಲ.

ಗೆಳೆಯರೇ, ದಾರಿ ತೆರೆಯುವುದು ಸುಲಭ, ನಾನೇ ಒಂದು ಸಂಜೆಯಲ್ಲಿ ತೆರೆದಿದ್ದೆ. ಆದರೆ ತೆರೆದ ಪ್ರತಿಯೊಂದು ಕಿಂಡಿಗೂ ಒಬ್ಬ ಓಬವ್ವ ಬೇಕು.