ಅಪ್ಪ ಬರೆದ ಕೋಡ್ ಮೇಲೆ ಹಕ್ಕು ಎಷ್ಟು ವರ್ಷ?

ಪ್ರಶ್ನೆ: ನಮ್ಮ ತಂದೆ 1998ರಲ್ಲಿ ಅಡಿಕೆ ಮಂಡಿಗಳಿಗಾಗಿ ಲೆಕ್ಕದ ಸಾಫ್ಟ್‌ವೇರ್ ಬರೆದು ಮಾರುತ್ತಿದ್ದರು. 2015ರಲ್ಲಿ ತೀರಿಕೊಂಡರು. ಈಗ ಅವರ ಹಳೆಯ ಡೀಲರ್ ಅದನ್ನೇ ಹೆಸರು ಬದಲಿಸಿ ಮಾರುತ್ತಿದ್ದಾರೆ. ಕೇಳಿದರೆ, ‘20 ವರ್ಷ ಆಯ್ತು, ಹಕ್ಕು ಮುಗೀತು’ ಎನ್ನುತ್ತಾರೆ. ನಿಜವೇ?
– ಓದುಗರು, ಶಿವಮೊಗ್ಗ

ಉತ್ತರ: ನಿಜವಲ್ಲ. 20 ವರ್ಷ ಎಂಬುದು ಪೇಟೆಂಟಿನ ಅವಧಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಲೆಕ್ಕದಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಬರೆದವರು ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ ಹಕ್ಕು ಇರುತ್ತದೆ. ಎಣಿಕೆ ಶುರುವಾಗುವುದು ಮರಣದ ಮರುವರ್ಷದ ಜನವರಿಯಿಂದ. ಅಂದರೆ ನಿಮ್ಮ ವಿಷಯದಲ್ಲಿ 2075ರ ಡಿಸೆಂಬರ್ 31ರವರೆಗೆ. ಅಷ್ಟು ಹೊತ್ತಿಗೆ ಆ ಸಾಫ್ಟ್‌ವೇರ್ ಓಡಿಸುವ ಕಂಪ್ಯೂಟರ್ ಸಿಗುತ್ತದೆಯೋ ಇಲ್ಲವೋ, ಅದು ಬೇರೆ ಮಾತು.

ನಿಜವಾದ ತೊಡಕು ಹಕ್ಕು ಯಾರದು ಎಂಬಲ್ಲಿದೆ. ತಂದೆ ನೌಕರಿಯ ಭಾಗವಾಗಿ ಬರೆದಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಹಕ್ಕು ಕೆಲಸ ಕೊಟ್ಟವರದು. ಸ್ವಂತಕ್ಕೆ ಬರೆದಿದ್ದರೆ ವಾರಸುದಾರರಾದ ನಿಮ್ಮದು. ಡೀಲರ್ ‘ನನಗೆ ಬಿಟ್ಟುಕೊಟ್ಟಿದ್ದರು’ ಎಂದರೆ ಸಹಿ ಇರುವ ಪತ್ರ ಕೇಳಿ, ಬಾಯಿಮಾತು ನಡೆಯುವುದಿಲ್ಲ. ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷಕ್ಕಷ್ಟೇ.

ಹಳೆಯ ಫ್ಲಾಪಿ, ಸಿಡಿಗಳಲ್ಲಿರುವ ಫೈಲ್‌ಗಳನ್ನು ತಿದ್ದಿ ಸೇವ್ ಮಾಡಬೇಡಿ, ದಿನಾಂಕ ಬದಲಾಗುತ್ತದೆ. ಕೋಡಿನ ಆರಂಭದ ಟಿಪ್ಪಣಿಯಲ್ಲಿ ತಂದೆಯ ಹೆಸರಿದ್ದರೆ ಅದು ಒಳ್ಳೆಯ ಸಾಕ್ಷ್ಯ. ಡೀಲರ್ ಮಾರುವ ಸಾಫ್ಟ್‌ವೇರ್‌ನ ಒಂದು ಪ್ರತಿಯನ್ನು ಬಿಲ್ ಸಮೇತ ಕೊಂಡಿಡಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಅನುಕೂಲ. ಆದರೆ ಅವರು ಲೆಕ್ಕದ ಕ್ರಮವನ್ನಷ್ಟೇ ಅನುಸರಿಸಿ ಕೋಡ್ ಹೊಸದಾಗಿ ಬರೆದಿದ್ದರೆ ನಿಮ್ಮ ದಾವೆ ನಿಲ್ಲುವುದು ಕಷ್ಟ. ಹಾಗಾಗಿ ನೋಟಿಸ್ ಕಳಿಸುವ ಮೊದಲೇ ಬೌದ್ಧಿಕ ಆಸ್ತಿ ವ್ಯಾಜ್ಯ ನಡೆಸುವ ವಕೀಲರಿಗೆ ಎರಡೂ ಪ್ರತಿ ತೋರಿಸಿ.