ಹ್ಯಾಮ್ಲೆಟನ ಕಪ್ಪು ಉಡುಪು

ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ಸೇಡಿನ ನಾಟಕವೆಂದು ಪರೀಕ್ಷೆಯಲ್ಲಿ ಬರೆಯುವುದು ವಾಡಿಕೆ. 1603ರಲ್ಲಿ ಮೊದಲು ಅಚ್ಚಾದ ಈ ಕೃತಿಯಲ್ಲಿ ಸೇಡು, ಪ್ರೇತ, ವಿಷ ಎಲ್ಲವೂ ಇವೆ. ಆದರೆ ಪ್ರೇತವು ಮಗನೊಡನೆ ಮಾತಾಡುವುದಕ್ಕೆ ಮುಂಚೆಯೇ ಬರುವ ಒಂದು ದೃಶ್ಯವನ್ನು ನಾವಿಲ್ಲಿ ನಿಧಾನವಾಗಿ ನೋಡೋಣ.

ಡೆನ್ಮಾರ್ಕಿನ ಎಲ್ಸಿನೋರ್ ಅರಮನೆ. ಹಿರಿಯ ರಾಜ ತೀರಿಕೊಂಡು ಎರಡು ತಿಂಗಳೂ ತುಂಬಿಲ್ಲ. ಅವನ ತಮ್ಮ ಕ್ಲಾಡಿಯಸ್ ಪಟ್ಟವೇರಿ ಅತ್ತಿಗೆ ಗರ್ಟ್ರೂಡಳನ್ನು ಮದುವೆಯೂ ಆಗಿದ್ದಾನೆ. ವಿಟೆನ್‌ಬರ್ಗಿನಲ್ಲಿ ಓದುತ್ತಿದ್ದ ಮಗ ಹ್ಯಾಮ್ಲೆಟ್ ಮಾತ್ರ ಇನ್ನೂ ಕಪ್ಪು ಉಡುಪಿನಲ್ಲಿ ನಿಂತಿದ್ದಾನೆ. ಸಾಯುವುದು ಲೋಕದ ನಿಯಮವಲ್ಲವೆ, ನಿನಗೇಕೆ ಅದು ವಿಶೇಷವಾಗಿ ತೋರುತ್ತದೆಂದು ತಾಯಿ ಕೇಳುತ್ತಾಳೆ. ‘ತೋರುವುದು’ ಎಂಬ ಆ ಒಂದು ಮಾತು ಮಗನನ್ನು ಚುಚ್ಚುತ್ತದೆ. ಕಪ್ಪು ಬಟ್ಟೆ, ನಿಟ್ಟುಸಿರು, ಕಣ್ಣೀರು ಇವನ್ನೆಲ್ಲ ಯಾರು ಬೇಕಾದರೂ ನಟಿಸಬಹುದು, ತನ್ನೊಳಗಿರುವುದು ಅದಲ್ಲ ಎನ್ನುತ್ತಾನೆ.

ಈಗ ಚಿಕ್ಕಪ್ಪನ ಬುದ್ಧಿವಾದ. ನಿನ್ನ ತಂದೆಯೂ ತಂದೆಯನ್ನು ಕಳೆದುಕೊಂಡವನೇ, ಅತಿಯಾಗಿ ದುಃಖಿಸುವುದು ಗಂಡಸಿಗೆ ತಕ್ಕುದಲ್ಲ, ದೇವರಿಗೂ ಒಪ್ಪದು. ಸಾವಾದ ಮನೆಯಲ್ಲಿ ಹಿರಿಯರು ಆಡುವ ಮಾತುಗಳೇ ಇವು. ಬೇರೆ ಯಾರಾದರೂ ಹೇಳಿದ್ದರೆ ನಾವೂ ತಲೆದೂಗುತ್ತಿದ್ದೆವು. ಹೇಳುತ್ತಿರುವವನು ಅಣ್ಣನ ಕಿವಿಗೆ ವಿಷ ಹೊಯ್ದವನೆಂದು ಮುಂದೆ ತಿಳಿದಾಗ ಈ ಸಾಂತ್ವನ ನಮ್ಮ ಮೈ ನಡುಗಿಸುತ್ತದೆ. ಕಪಟಿ ಸುಳ್ಳನ್ನೇ ಹೇಳಬೇಕೆಂದಿಲ್ಲ.

ಮಂತ್ರಿ ಪೊಲೋನಿಯಸ್‌ನದು ಇನ್ನೊಂದು ಬಗೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ! ಪ್ಯಾರಿಸ್ಸಿಗೆ ಹೊರಟ ಮಗ ಲಯರ್ಟೀಸನಿಗೆ ಸತ್ಯವಾಗಿ ಬಾಳೆಂದು ಉಪದೇಶಿಸಿ, ಹಿಂದೆಯೇ ಅವನ ಮೇಲೆ ಗೂಢಚಾರನನ್ನು ಬಿಡುತ್ತಾನೆ. ಮಗಳು ಒಫೀಲಿಯಾಳ ಕೈಗೆ ಪ್ರಾರ್ಥನೆಯ ಪುಸ್ತಕ ಕೊಟ್ಟು, ಹ್ಯಾಮ್ಲೆಟನ ಮನಸ್ಸನ್ನು ಕೆದಕಲು ನಿಲ್ಲಿಸಿ, ತಾನೂ ರಾಜನೂ ಮರೆಯಲ್ಲಿ ಅಡಗುತ್ತಾನೆ. ಭಕ್ತಿಯ ಮುಖವಾಡದಿಂದ ಪಾಪವನ್ನು ಸಿಹಿ ಮಾಡುತ್ತೇವೆಂದು ಅವನೇ ಒಪ್ಪುತ್ತಾನೆ. ಕೇಳಿದ ಕ್ಲಾಡಿಯಸ್‌ಗೆ ಅದು ಚಾಟಿಯೇಟಿನಂತೆ ತಗಲುತ್ತದೆ. ಮುಂದೊಮ್ಮೆ ಅವನು ಒಬ್ಬನೇ ಮೊಣಕಾಲೂರಿ ಕುಳಿತಾಗ, ಕೊಲೆಯಿಂದ ದಕ್ಕಿದ ಕಿರೀಟವನ್ನೂ ರಾಣಿಯನ್ನೂ ಇಟ್ಟುಕೊಂಡೇ ಕ್ಷಮೆ ಬೇಡಲಾಗದೆಂದು ತಾನೇ ಕಂಡುಕೊಳ್ಳುತ್ತಾನೆ. ಇಡೀ ನಾಟಕದಲ್ಲಿ ಅವನು ಪ್ರಾಮಾಣಿಕನಾಗಿರುವುದು ಹೆಚ್ಚಾಗಿ ಅಲ್ಲಿಯೇ.

ಪಿತೃಭಕ್ತಿಯಲ್ಲಿ ಲಯರ್ಟೀಸ್ ಹ್ಯಾಮ್ಲೆಟನಿಗೆ ಕಡಿಮೆಯವನಲ್ಲ. ಹ್ಯಾಮ್ಲೆಟನ ಕತ್ತಿಗೆ ತಂದೆ ಬಲಿಯಾದ ಸುದ್ದಿ ಕೇಳಿ ಜನರನ್ನು ಕಟ್ಟಿಕೊಂಡು ಅರಮನೆಗೆ ನುಗ್ಗುತ್ತಾನೆ. ತಂದೆಯ ಮೇಲಿನ ಪ್ರೀತಿ ನಿಜವೇ ಎಂದು ಕೆಣಕಿ, ವಿಷ ಸವರಿದ ಕತ್ತಿ ಹಿಡಿಯುವಂತೆ ಮಾಡುವವನು ಕ್ಲಾಡಿಯಸ್. ದುಃಖಿಸಬೇಡವೆಂದು ಒಬ್ಬ ಮಗನಿಗೆ ಹೇಳಿದ ಬಾಯಿಯೇ ಇನ್ನೊಬ್ಬ ಮಗನಿಗೆ ನಿನ್ನ ದುಃಖ ಸಾಲದು ಎನ್ನುವುದನ್ನು ವಿದ್ಯಾರ್ಥಿಗಳು ಗುರುತಿಸಬೇಕು.

ಒಫೀಲಿಯಾ? ಅಣ್ಣ ಹೇಳಿದ್ದನ್ನು ಕೇಳಿದಳು, ತಂದೆ ಹೇಳಿದಂತೆ ನಡೆದಳು. ತಂದೆ ಸತ್ತಾಗ ಅವಳಿಗೆ ಉಳಿದದ್ದು ಮುರಿದ ಹಾಡುಗಳು, ಒಂದಿಷ್ಟು ಹೂಗಳು, ಕೊನೆಗೆ ಹೊಳೆ. ಅವಳ ದುಃಖದಲ್ಲಿ ನಟನೆಯ ಸೋಂಕಿಲ್ಲ.

ಕುವೆಂಪು ಈ ನಾಟಕವನ್ನು ಬಿದನೂರಿಗೆ ತಂದು ‘ರಕ್ತಾಕ್ಷಿ’ಯಾಗಿ ರೂಪಾಂತರಿಸಿದ್ದಾರೆ. ಪಾಲಕರೂ ಓದಬಹುದು.

ಇನ್ನು ಒಫೀಲಿಯಾಳ ಸಮಾಧಿಯ ದೃಶ್ಯ. ದುಃಖ ತಡೆಯದೆ ಲಯರ್ಟೀಸ್ ಗುಂಡಿಗೆ ಹಾರುತ್ತಾನೆ. ತೋರಿಕೆಯನ್ನು ಹಳಿದಿದ್ದ ಹ್ಯಾಮ್ಲೆಟನೂ ಪೈಪೋಟಿಗೆ ಬಿದ್ದವನಂತೆ ನನ್ನ ಪ್ರೀತಿ ಹೆಚ್ಚೆಂದು ಕೂಗಾಡುತ್ತಾನೆ. ಇಬ್ಬರೂ ಕೈ ಕೈ ಮಿಲಾಯಿಸುತ್ತಾರೆ. ಆಮೇಲೆ ಗೆಳೆಯ ಹೊರೇಷಿಯೋನೊಡನೆ ಹ್ಯಾಮ್ಲೆಟ್ ಆ ವರ್ತನೆಗೆ ವ್ಯಥೆಪಡುತ್ತಾನೆ: ಲಯರ್ಟೀಸನ ನೋವಿನಲ್ಲಿ ಅವನಿಗೆ ತನ್ನದೇ ನೋವು ಕಂಡಿದೆ. ಕತ್ತಿಯಾಟಕ್ಕೆ ಮುನ್ನ ಅವನ ಕ್ಷಮೆ ಕೇಳುತ್ತಾನೆ. ಆಟದಲ್ಲಿ ಇಬ್ಬರಿಗೂ ಅದೇ ವಿಷ ತಗಲಿ, ಸಾಯುವ ಗಳಿಗೆಯಲ್ಲಿ ತಂದೆಯನ್ನು ಕಳೆದುಕೊಂಡ ಆ ಇಬ್ಬರು ಮಕ್ಕಳು ಒಬ್ಬರನ್ನೊಬ್ಬರು ಮನ್ನಿಸುತ್ತಾರೆ.