ಕೊಳ್ಳುವುದೋ, ಕಾಯುವುದೋ?

ಕನ್ನಡದ ಗಾದೆಗಳಲ್ಲಿ ಒಂದಕ್ಕೊಂದು ಎದುರಾಗಿ ನಿಲ್ಲುವ ಜೋಡಿಗಳು ಹಲವು. ‘ತಾಳಿದವನು ಬಾಳಿಯಾನು’ ಎಂದು ಒಂದು ಗಾದೆ ಸಮಾಧಾನ ಹೇಳಿದರೆ, ‘ಗಾಳಿ ಬಂದಾಗ ತೂರಿಕೋ’ ಎಂದು ಇನ್ನೊಂದು ಅವಸರಪಡಿಸುತ್ತದೆ. ಎರಡೂ ಅನುಭವದಿಂದ ಹುಟ್ಟಿದ ಮಾತುಗಳೇ. ಆದರೆ ಯಾವ ಹೊತ್ತಿನಲ್ಲಿ ಯಾವ ಮಾತನ್ನು ಅನುಸರಿಸಬೇಕೆಂಬುದನ್ನು ಗಾದೆಗಳು ಹೇಳುವುದಿಲ್ಲ. ಅದನ್ನು ಮನುಷ್ಯನ ವಿವೇಕಕ್ಕೇ ಬಿಟ್ಟಿವೆ.

ಈ ವಿವೇಕವನ್ನು ಇಂದು ಮನೆಮನೆಯಲ್ಲಿಯೂ ಪರೀಕ್ಷಿಸುತ್ತಿರುವ ವಸ್ತು ಸ್ಮಾರ್ಟ್‌ಫೋನು. ಕೈಯಲ್ಲಿರುವ ಫೋನು ಹಳತಾಗಿದೆ. ಅಂಗಡಿಯಲ್ಲಿ ಒಳ್ಳೆಯದೊಂದು ಇದೆ. ಅಷ್ಟರಲ್ಲಿ, ಇನ್ನು ಮೂರು ತಿಂಗಳಿಗೆ ಅದಕ್ಕಿಂತ ಉತ್ತಮವಾದ ಮಾದರಿ ಬರಲಿದೆಯೆಂಬ ಸುದ್ದಿ ಕಿವಿಗೆ ಬೀಳುತ್ತದೆ. ಈಗಲೇ ಕೊಳ್ಳುವುದೋ, ಕಾಯುವುದೋ? ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಒಂದು ಕುಟುಂಬದ ದುಡಿಮೆಯ ಹಣವೂ, ಕೆಲವೊಮ್ಮೆ ಒಂದು ಮಗುವಿನ ವಿದ್ಯಾಭ್ಯಾಸವೂ ಅದರೊಡನೆ ಹೆಣೆದುಕೊಂಡಿರುತ್ತವೆ.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳು ಅಡಿಕೆ ತೋಟಗಳ ಸೀಮೆ. ಇಲ್ಲಿಯ ಕೃಷಿಕನಿಗೆ ಕಾಯುವ ವಿದ್ಯೆ ಹೊಸದಲ್ಲ. ನೆಟ್ಟ ಅಡಿಕೆಯ ಸಸಿ ಫಲ ಕೊಡಲು ಐದಾರು ವರ್ಷಗಳಾದರೂ ಬೇಕು. ಫಲ ಕೈಗೆ ಬಂದ ಮೇಲೂ ಕಾಯುವಿಕೆ ಮುಗಿಯುವುದಿಲ್ಲ. ಬಲಿತು ಹಣ್ಣಾದ ಅಡಿಕೆಯನ್ನು ಒಂದೂವರೆ ತಿಂಗಳಷ್ಟು ಕಾಲ ಬಿಸಿಲಿನಲ್ಲಿ ಒಣಗಿಸಿ ಸುಲಿದರೆ ಚಾಲಿ ಸಿದ್ಧವಾಗುತ್ತದೆ. ಚೆನ್ನಾಗಿ ಒಣಗಿದ ಅಡಿಕೆಯನ್ನು ತೇವ ತಾಗದಂತೆ ತಿಂಗಳುಗಟ್ಟಲೆ ಇಡಬಹುದು. ಆದುದರಿಂದ ಪೇಟೆಯಲ್ಲಿ ದರ ಇಳಿದಾಗ ಮಾರದೆ, ಏರುವವರೆಗೆ ತಡೆದುಕೊಳ್ಳುವ ಅವಕಾಶ ಬೆಳೆಗಾರನಿಗೆ ಇದೆ. ಆದರೆ ಮನೆಖರ್ಚಿಗೆ ಹಣವಿಲ್ಲದವನು ತಡೆದುಕೊಳ್ಳುವುದಾದರೂ ಹೇಗೆ? 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಹುಟ್ಟಿತು. ಇಂತಹ ಸಹಕಾರಿ ಸಂಘಗಳು ಮಾರಾಟಕ್ಕೆ ನೆರವಾಗುವುದರ ಜೊತೆಗೆ ಬೆಳೆಯ ಆಧಾರದ ಮೇಲೆ ಮುಂಗಡವನ್ನು ಕೊಟ್ಟು, ಕಾಯುವ ಶಕ್ತಿಯನ್ನು ಸಾಮಾನ್ಯ ಬೆಳೆಗಾರನಿಗೂ ಒದಗಿಸಿದವು.

ಅದೇ ತೋಟದಲ್ಲಿ ಕಾಯಬಾರದ ಕೆಲಸವೂ ಒಂದಿದೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ತಗಲುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿಯನ್ನು ಪ್ರಕಟಿಸಿದರು. ಮೈಲುತುತ್ತ, ಸುಣ್ಣಗಳಿಂದ ತಯಾರಿಸುವ ಬೋರ್ಡೋ ದ್ರಾವಣವೇ ಇದಕ್ಕೆ ಇಂದಿಗೂ ಮುಖ್ಯ ಮದ್ದು. ಅದನ್ನು ಮಳೆ ಬಲವಾಗಿ ಹಿಡಿಯುವ ಮುನ್ನವೇ ಕೊನೆಗಳಿಗೆ ಸಿಂಪಡಿಸಬೇಕು. ಮುಂದಿನ ವರ್ಷ ಇದಕ್ಕಿಂತ ಒಳ್ಳೆಯ ಔಷಧ ಬಂದೀತೆಂದು ಕಾದು ಕುಳಿತವನ ತೋಟದಲ್ಲಿ ಕಾಯಿಗಳು ಉದುರಿ ನೆಲ ಸೇರುತ್ತವೆ. ದರಕ್ಕಾಗಿ ಕಾಯುವುದು ಜಾಣತನವಾದರೆ, ಮದ್ದಿಗಾಗಿ ಕಾಯುವುದು ನಷ್ಟ. ಕಾಯುವಾಗ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎಂಬುದರಿಂದಲೇ ಕಾಯುವಿಕೆಯ ಬೆಲೆ ತೀರ್ಮಾನವಾಗುತ್ತದೆ.

ಫೋನಿಗಾಗಿ ಕಾಯುವುದಕ್ಕೂ ನಮ್ಮ ದೇಶದಲ್ಲಿ ದೊಡ್ಡ ಇತಿಹಾಸವಿದೆ. 1980ರ ದಶಕದಲ್ಲಿ ಮನೆಗೆ ದೂರವಾಣಿ ಬೇಕೆಂದು ಅರ್ಜಿ ಹಾಕಿದವರು ವರ್ಷಗಟ್ಟಲೆ ಸರದಿಯಲ್ಲಿರಬೇಕಾಗಿತ್ತು. ಹಳ್ಳಿಗಳ ಮಾತಂತೂ ದೂರವೇ ಉಳಿದಿತ್ತು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ಹಳ್ಳಿಯ ಬಿಸಿಲು, ಧೂಳುಗಳನ್ನು ತಾಳಿಕೊಳ್ಳುವಂತಹ ಚಿಕ್ಕ ವಿನಿಮಯ ಕೇಂದ್ರವನ್ನು ರೂಪಿಸಿತು. 128 ಮಾರ್ಗಗಳ ಅಂತಹ ಮೊದಲ ಕೇಂದ್ರವು 1986ರಲ್ಲಿ ನಮ್ಮ ಕಿತ್ತೂರಿನಲ್ಲಿಯೇ ಕೆಲಸಕ್ಕೆ ತೊಡಗಿತು. ಕೇಳಿದವರಿಗೆಲ್ಲ 1997ರ ವೇಳೆಗೆ ದೂರವಾಣಿ ದೊರೆಯಬೇಕೆಂಬ ಗುರಿಯನ್ನು 1994ರ ರಾಷ್ಟ್ರೀಯ ದೂರಸಂಪರ್ಕ ನೀತಿ ಇರಿಸಿಕೊಂಡಿತು. 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ದೇಶದ ಮೊದಲ ಮೊಬೈಲ್ ಕರೆ ಹೋಯಿತು. ಇಂದು ದೇಶದ ಮೊಬೈಲ್ ಸಂಪರ್ಕಗಳು ನೂರು ಕೋಟಿಯನ್ನು ಮೀರಿವೆ.

ಈ ನಾಲ್ಕು ದಶಕಗಳಲ್ಲಿ ಒಂದು ವಿಚಿತ್ರವಾದ ತಿರುವು ಉಂಟಾಗಿದೆ. ಅಂದಿನ ಜನ ವಸ್ತು ಬಾರದಿದ್ದುದರಿಂದ ಕಾಯುತ್ತಿದ್ದರು. ಇಂದಿನ ಜನ ವಸ್ತುಗಳು ಒಂದರ ಹಿಂದೊಂದು ಬರುತ್ತಲೇ ಇರುವುದರಿಂದ ಕಾಯುತ್ತಾರೆ. ಅಂದು ಸರದಿಗೆ ಒಂದು ಕೊನೆಯಿತ್ತು. ಇಂದು ಹೊಸ ಮಾದರಿಗಾಗಿ ಕಾಯುವವನಿಗೆ ಆ ಕೊನೆಯೇ ಇಲ್ಲ. ಸೆಪ್ಟೆಂಬರಿನಲ್ಲಿ ಒಂದು ಮಾದರಿ ಬಂದರೆ, ಅದರ ಪೆಟ್ಟಿಗೆ ತೆರೆಯುವ ಮೊದಲೇ ಮುಂದಿನ ಮಾದರಿಯ ವದಂತಿ ಹುಟ್ಟಿರುತ್ತದೆ.

ಇದಕ್ಕೆ ಕಾರಣವನ್ನು ಎಲೆಕ್ಟ್ರಾನಿಕ್ ಉದ್ಯಮದ ನಡೆಯಲ್ಲಿ ಕಾಣಬಹುದು. ಒಂದು ಚಿಪ್‌ನಲ್ಲಿ ಅಡಕವಾಗುವ ಬಿಡಿಭಾಗಗಳ ಸಂಖ್ಯೆ ವರ್ಷ ವರ್ಷವೂ ಇಮ್ಮಡಿಯಾಗುತ್ತಿದೆಯೆಂದು ಅಮೆರಿಕದ ಗಾರ್ಡನ್ ಮೂರ್ 1965ರಲ್ಲಿ ಗುರುತಿಸಿದರು. 1975ರಲ್ಲಿ ಆ ಅವಧಿಯನ್ನು ಎರಡು ವರ್ಷಗಳೆಂದು ತಿದ್ದಿದರು. ಹೀಗಾಗಿ ನಾಳಿನ ಯಂತ್ರ ಇಂದಿನದಕ್ಕಿಂತ ಮೇಲಾಗಿರುತ್ತದೆಂಬ ನಿರೀಕ್ಷೆ ಜನರಲ್ಲಿ ಬೇರೂರಿತು. ಈ ನಿರೀಕ್ಷೆ ತಯಾರಕರನ್ನೂ ಕಾಡಿದೆ. ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ ಬಾಲ್ಯವನ್ನು ಕಳೆದ ಆಡಮ್ ಆಸ್ಬೋರ್ನ್ ಎಂಬಾತ 1981ರಲ್ಲಿ ಅಮೆರಿಕದಲ್ಲಿ, ಹೊತ್ತೊಯ್ಯಬಹುದಾದ ಗಣಕಯಂತ್ರವೊಂದನ್ನು ಮಾರಾಟಕ್ಕೆ ತಂದನು. ಅದು ಚೆನ್ನಾಗಿಯೇ ಮಾರಿಹೋಗುತ್ತಿತ್ತು. 1983ರಲ್ಲಿ ಮುಂದಿನ ಮಾದರಿಯ ಸುದ್ದಿ ಬೇಗನೆ ಹರಡಿತು. ಅದಕ್ಕಾಗಿ ಕಾಯೋಣವೆಂದು ವ್ಯಾಪಾರಿಗಳು ಹಳೆಯದನ್ನು ಕೊಳ್ಳುವುದನ್ನು ನಿಲ್ಲಿಸಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿಯೆದ್ದಿತು. ಅದರ ಪತನಕ್ಕೆ ಪೈಪೋಟಿ ಮೊದಲಾದ ಬೇರೆ ಕಾರಣಗಳೂ ಇದ್ದುವೆಂದು ಬಲ್ಲವರು ಹೇಳುವುದುಂಟು. ಆದರೂ ‘ಮುಂದಿನದು’ ಎಂಬ ಮಾತಿಗೆ ಎಷ್ಟು ಬಲವಿದೆಯೆಂಬುದಕ್ಕೆ ಇದೊಂದು ಪ್ರಸಿದ್ಧ ದೃಷ್ಟಾಂತವಾಗಿ ಉಳಿದಿದೆ.

ಹಾಗೆಂದು ಕಾಯುವುದೆಲ್ಲ ಮೂರ್ಖತನವಲ್ಲ. ಹೊಸ ಮಾದರಿ ಬಂದಾಗ ಹಳೆಯ ಮಾದರಿಯ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ. ದಸರಾ, ದೀಪಾವಳಿಗಳ ಹೊತ್ತಿಗೆ ರಿಯಾಯಿತಿ ಮಾರಾಟಗಳು ನಡೆಯುತ್ತವೆ. ಕೈಯಲ್ಲಿರುವ ಫೋನು ಸರಿಯಾಗಿಯೇ ಇದ್ದರೆ, ಆ ತನಕ ತಾಳಿದವನಿಗೆ ಲಾಭವೇ. ಆದರೆ ಬೆಲೆ ಇಳಿದೇ ತೀರುವುದೆಂಬ ಭರವಸೆಯೂ ಇಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್‌ಗಳಿಗೆ ಬೇಡಿಕೆ ಹೆಚ್ಚಿ, ಅವುಗಳ ದರ ಜಗತ್ತಿನಾದ್ಯಂತ ಏರಿತು.

ಬೆಲೆಯ ಜೊತೆಗೆ ಆಯುಸ್ಸನ್ನೂ ಲೆಕ್ಕ ಹಾಕಬೇಕು. ಫೋನಿನ ತಂತ್ರಾಂಶದಲ್ಲಿ ಕಾಲಕಾಲಕ್ಕೆ ಕಾಣುವ ದೋಷಗಳನ್ನು ತಯಾರಕರು ತಿದ್ದಿ ಕಳುಹಿಸುತ್ತಾರೆ. ಈ ಸುರಕ್ಷತಾ ತಿದ್ದುಪಡಿ ನಿಂತ ಫೋನಿನಲ್ಲಿ ಹಣದ ವ್ಯವಹಾರ ಮಾಡುವುದು ಅಪಾಯಕರ. 2023ರಲ್ಲಿ ಗೂಗಲ್, 2024ರಲ್ಲಿ ಸ್ಯಾಮ್‌ಸಂಗ್ ತಮ್ಮ ಕೆಲವು ದುಬಾರಿ ಮಾದರಿಗಳಿಗೆ ಏಳು ವರ್ಷಗಳ ತಿದ್ದುಪಡಿಯ ಭರವಸೆ ಕೊಟ್ಟವು. ಅಗ್ಗದ ಮಾದರಿಗಳಿಗೆ ಈ ಅವಧಿ ಸಾಮಾನ್ಯವಾಗಿ ಕಡಿಮೆ. ಅವಧಿಯನ್ನು ಎಣಿಸುವುದು ಬಹುಮಟ್ಟಿಗೆ ಮಾದರಿ ಪೇಟೆಗೆ ಬಂದ ದಿನದಿಂದ, ನಾವು ಕೊಂಡ ದಿನದಿಂದಲ್ಲ. 12,000 ರೂಪಾಯಿಗೆ ಸಿಗುವ ಹಳೆಯ ಮಾದರಿಗೆ ಎರಡು ವರ್ಷಗಳ ತಿದ್ದುಪಡಿ ಉಳಿದಿದ್ದರೆ, ವರ್ಷಕ್ಕೆ 6,000 ರೂಪಾಯಿ ಬಿದ್ದಂತಾಯಿತು. 15,000 ರೂಪಾಯಿಯ ಇನ್ನೊಂದಕ್ಕೆ ಐದು ವರ್ಷ ಉಳಿದಿದ್ದರೆ, ಬೀಳುವುದು 3,000 ಮಾತ್ರ. ಅಗ್ಗವೆಂದು ಕಂಡದ್ದೇ ತುಟ್ಟಿಯಾಗುವುದು ಹೀಗೆ.

ಇನ್ನು ಈ ಮೂರು ತಾಲ್ಲೂಕುಗಳ ನೆಲದ ಗುಣವನ್ನು ನೋಡಬೇಕು. ಇಲ್ಲಿಯ ಮನೆಗಳು ಗುಡ್ಡಗಳ ನಡುವಿನ ಕಣಿವೆಗಳಲ್ಲಿ, ತೋಟಗಳ ಅಂಚಿನಲ್ಲಿ ಚದುರಿಕೊಂಡಿವೆ. ರೇಡಿಯೋ ತರಂಗಗಳಿಗೆ ಗುಡ್ಡವೂ ದಟ್ಟವಾದ ಕಾಡೂ ಅಡ್ಡಿ. 2020ರಲ್ಲಿ ಕೊರೊನಾ ರೋಗದಿಂದಾಗಿ ಶಾಲೆಗಳು ಮುಚ್ಚಿ, ಪಾಠಗಳು ಫೋನಿಗೆ ಬಂದಾಗ, ಮಲೆನಾಡಿನ ಎಷ್ಟೋ ಮಕ್ಕಳು ಸಂಕೇತವನ್ನು ಹುಡುಕುತ್ತ ಗುಡ್ಡದ ನೆತ್ತಿಗೆ ಹೋಗಿ ಕುಳಿತರು. ಕೊಡೆಯ ಕೆಳಗೆ ಕುಳಿತು ಪಾಠ ಕೇಳಿದವರೂ ಉಂಟು. ಆ ವರ್ಷ ಸರ್ಕಾರವು ‘ವಿದ್ಯಾಗಮ’ ಯೋಜನೆಯ ಮೂಲಕ ಶಿಕ್ಷಕರನ್ನೇ ಮಕ್ಕಳಿದ್ದಲ್ಲಿಗೆ ಕಳುಹಿಸಬೇಕಾಯಿತು. ತರಂಗ ತಲುಪದ ಊರಿನಲ್ಲಿ ಅತ್ಯಂತ ಹೊಸ ಫೋನೂ ಹಳೆಯದರಷ್ಟೇ ಮೂಕವೆಂಬುದನ್ನು ಆ ವರ್ಷ ಕಲಿಸಿತು.

ತರಂಗಗಳಲ್ಲಿಯೂ ಭೇದವಿದೆ. ಕಡಿಮೆ ಆವರ್ತನದ ತರಂಗ ಹೆಚ್ಚು ದೂರ ಸಾಗಿ, ಅಡ್ಡಿಗಳನ್ನು ಸ್ವಲ್ಪಮಟ್ಟಿಗೆ ದಾಟಬಲ್ಲದು. ಹೆಚ್ಚು ಆವರ್ತನದ್ದು ವೇಗವಾಗಿ ಮಾಹಿತಿಯನ್ನು ಒಯ್ದರೂ ಬೇಗ ಸೋಲುತ್ತದೆ. ಭಾರತ ಸಂಚಾರ ನಿಗಮದ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರ್ 27ರಂದು ಅಧಿಕೃತವಾಗಿ ಉದ್ಘಾಟನೆಯಾಯಿತು. ಅದು ಬಳಸುವ ತರಂಗಪಟ್ಟಿಗಳಲ್ಲಿ 700 ಮೆಗಾಹರ್ಟ್ಸ್‌ನದೂ ಒಂದು. ಕಣಿವೆಯ ಮನೆಯವರು ಅಂಗಡಿಯಲ್ಲಿ ಮೊದಲು ಕೇಳಬೇಕಾದುದು ಕ್ಯಾಮೆರಾದ ಕಣ್ಣುಗಳೆಷ್ಟು ಎಂದಲ್ಲ. ತಮ್ಮ ಊರಿಗೆ ಬರುವ ತರಂಗವನ್ನು ಈ ಫೋನು ಹಿಡಿಯುತ್ತದೆಯೇ, ಮಳೆಗಾಲದ ನೀರು ತೇವಗಳಿಗೆ ತಾಳುತ್ತದೆಯೇ, ಕೆಟ್ಟರೆ ಶಿರಸಿಯಲ್ಲಿಯೇ ದುರಸ್ತಿಯಾಗುತ್ತದೆಯೇ ಎಂದು.

ಇಲ್ಲಿಯ ಪಂಚಾಂಗವೂ ಕಂಪನಿಗಳ ಪಂಚಾಂಗದೊಡನೆ ಕೂಡಿಬರುವುದಿಲ್ಲ. ಹೊಸ ಮಾದರಿಗಳ ಸಂಭ್ರಮ, ಹಬ್ಬದ ರಿಯಾಯಿತಿ ಎಲ್ಲವೂ ಸೆಪ್ಟೆಂಬರಿನಿಂದ ನವೆಂಬರಿನೊಳಗೆ. ಅಡಿಕೆಯ ಕೊಯ್ಲು ತೊಡಗುವುದೇ ಆಮೇಲೆ. ಚಾಲಿಯ ಹಣ ಕೈಸೇರುವುದು ಇನ್ನೂ ತಡವಾಗಿ. ನಡುವಿನ ಈ ಅಂತರವನ್ನು ತುಂಬಲು ಸಾಲವೂ ಮಾಸಿಕ ಕಂತುಗಳೂ ಬಾಗಿಲಿಗೆ ಬಂದು ನಿಲ್ಲುತ್ತವೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಬಳೆ, ಪಾತ್ರೆ, ಆಟಿಕೆಗಳಿಗಾಗಿ ಜಾತ್ರೆಯನ್ನು ಕಾಯುವ ಜನ ಅದಕ್ಕೆಂದು ಮೊದಲೇ ಪುಡಿಗಾಸನ್ನು ಕೂಡಿಟ್ಟಿರುತ್ತಾರೆ. ಕಾಯುವ ಕಾಲ ಕೂಡಿಡುವ ಕಾಲವೂ ಆದಾಗ ಅದಕ್ಕೆ ಅರ್ಥವಿರುತ್ತದೆ.

ಯಲ್ಲಾಪುರದ ಕಾಡಂಚಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಜೂನ್ ತಿಂಗಳು. ಮಗಳು ಪಿಯುಸಿ ಮುಗಿಸಿ ವೃತ್ತಿಶಿಕ್ಷಣದ ಸೀಟಿಗೆ ಕಾದಿದ್ದಾಳೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಿಗದಿಪಡಿಸಿದ ದಿನದೊಳಗೆ ಕಾಲೇಜುಗಳ ಆಯ್ಕೆಯನ್ನು ಅಂತರಜಾಲದಲ್ಲಿ ತುಂಬಬೇಕು. ಅದಕ್ಕೆ ಬೇಕಾದ ಗುಪ್ತಸಂಖ್ಯೆ ಫೋನಿಗೇ ಬರುತ್ತದೆ. ಅವಳ ಫೋನು ಆಗಾಗ ತಾನಾಗಿ ಆರಿಹೋಗುತ್ತಿದೆ. ಬ್ಯಾಟರಿ ಬದಲಿಸಿದರೆ ಸಾಲದೇ ಎಂದು ತಾಯಿ ಕೇಳುತ್ತಾಳೆ. ವಿಚಾರಿಸಿದರೆ ಒಳಗಿನ ಫಲಕವೇ ಕೆಟ್ಟಿದೆ. ದುರಸ್ತಿಗೆ ಹೊಸ ಫೋನಿನ ಅರ್ಧ ಬೆಲೆ ತಗಲುತ್ತದೆ. ಪದವಿ ಓದುತ್ತಿರುವ ಅಣ್ಣನ ಫೋನು ಚೆನ್ನಾಗಿದೆ. ಆದರೂ ಸೆಪ್ಟೆಂಬರಿನ ಹೊಸ ಮಾದರಿ ಅವನಿಗೆ ಬೇಕು. ಆಗ ಇಬ್ಬರಿಗೂ ಒಟ್ಟಿಗೆ ಕೊಳ್ಳೋಣ, ಅಷ್ಟರೊಳಗೆ ಅಡಿಕೆಯ ದರವೂ ಏರೀತು ಎಂಬುದು ಅವನ ಸಲಹೆ. ತಂದೆ ಯೋಚಿಸಿ ಹೇಳುತ್ತಾನೆ: “ಅಡಿಕೆಗೆ ನಾಳೆಯೂ ದರ ಬಂದೀತು, ತಮ್ಮಾ. ಸೀಟಿಗೆ ನಾಳೆ ಎಂಬುದಿಲ್ಲ.” ಮರುದಿನ ಒಂದು ಚೀಲ ಚಾಲಿ ಪೇಟೆಗೆ ಹೋಗುತ್ತದೆ. ಮಗಳಿಗೆ ಸಾಧಾರಣ ಬೆಲೆಯ, ಊರಿನ ತರಂಗವನ್ನು ಹಿಡಿಯುವ ಫೋನು ಬರುತ್ತದೆ. ಮಗ ಕಾಯುತ್ತಾನೆ. ಒಂದೇ ಮನೆಯಲ್ಲಿ, ಒಂದೇ ಪ್ರಶ್ನೆಗೆ ಎರಡು ಉತ್ತರಗಳು, ಎರಡೂ ಸರಿಯಾದವುಗಳೇ.

ಫೋನಿನಿಂದ ಪರಿಸರಕ್ಕೆ ತಗಲುವ ಹೊರೆಯ ಬಹುಪಾಲು ಅದನ್ನು ತಯಾರಿಸುವಾಗಲೇ ಉಂಟಾಗುತ್ತದೆಂಬುದನ್ನೂ ಇಲ್ಲಿ ನೆನೆಯಬೇಕು. ಇನ್ನೂ ಬಾಳುವ ಫೋನನ್ನು ಇನ್ನೊಂದು ವರ್ಷ ಬಳಸಿದರೆ ಹಣದೊಡನೆ ನೆಲ, ಜಲಗಳೂ ಉಳಿಯುತ್ತವೆ. ಪೂರ್ತಿ ಕೆಟ್ಟುದನ್ನು ತಿಪ್ಪೆಗೆ ಎಸೆಯದೆ ಎಲೆಕ್ಟ್ರಾನಿಕ್ ತ್ಯಾಜ್ಯವನ್ನು ಸಂಗ್ರಹಿಸುವವರಿಗೆ ಒಪ್ಪಿಸಬೇಕು. ದೇಶದಲ್ಲಿ ಇದಕ್ಕೆಂದು ರೂಪಿಸಿದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ.

ಕೈಯಲ್ಲಿರುವುದು ಕೆಲಸ ಕೊಡುತ್ತಿದ್ದರೆ, ಬರಲಿರುವುದು ಖಚಿತವಾಗಿದ್ದರೆ, ಕಾಯುವ ಅವಧಿಗೆ ಒಂದು ಗಡುವಿದ್ದರೆ ಕಾಯುವುದು ಯೋಗ್ಯ. ಕೆಲಸ ಕೆಡುವಂತಿದ್ದರೆ, ಸುದ್ದಿ ಬರಿಯ ವದಂತಿಯಾಗಿದ್ದರೆ, ಗಡುವು ಮುಂದೆ ಮುಂದೆ ಸರಿಯುತ್ತಿದ್ದರೆ ಕಾಯುವುದು ತರವಲ್ಲ. ಮಾರುವವನ ಪಂಚಾಂಗವನ್ನು ಬದಿಗಿಟ್ಟು, ತನ್ನ ಮನೆಯ ಅಗತ್ಯವನ್ನು ಮುಂದಿಟ್ಟುಕೊಂಡು ತೂಗಿ ನೋಡುವವನಿಗೆ ಎರಡು ಗಾದೆಗಳಲ್ಲಿ ಯಾವುದು ತನ್ನದೆಂದು ತಿಳಿಯುವುದು ಕಷ್ಟವಾಗದು.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಸಿ-ಡಾಟ್ ರೂಪಿಸಿದ ಮೊದಲ ಗ್ರಾಮೀಣ ವಿನಿಮಯ ಕೇಂದ್ರ ಎಲ್ಲಿ ಕೆಲಸಕ್ಕೆ ತೊಡಗಿತು?
2. ಬೋರ್ಡೋ ದ್ರಾವಣವನ್ನು ಯಾವಾಗ ಸಿಂಪಡಿಸಬೇಕು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಅಂದಿನ ಕಾಯುವಿಕೆಗೂ ಇಂದಿನ ಕಾಯುವಿಕೆಗೂ ಇರುವ ವ್ಯತ್ಯಾಸವೇನು?
2. ಅಗ್ಗದ ಫೋನು ತುಟ್ಟಿಯಾಗುವ ಬಗೆಯನ್ನು ಲೆಕ್ಕದೊಡನೆ ವಿವರಿಸಿರಿ.
3. ತಂದೆಯ ತೀರ್ಮಾನವನ್ನು ನೀವು ಒಪ್ಪುವಿರಾ? ಕಾರಣ ಕೊಡಿರಿ.

ಇ. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ.